ಸಹಜ ರೋಗನಿರೋಧಕ ವ್ಯವಸ್ಥೆ: ಮಲೆನಾಡಿನ ನಿದರ್ಶನಗಳೊಂದಿಗೆ

ಹುಟ್ಟುವಾಗಲೇ ದೇಹದ ಜೊತೆಗೆ ಬಂದಿರುವ, ರೋಗಾಣುವಿನ ಗುರುತು ಮೊದಲೇ ಇರಬೇಕೆಂದಿಲ್ಲದೆ ಅದನ್ನು ಕೆಲವೇ ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ಎದುರಿಸುವ ರಕ್ಷಣಾ ಏರ್ಪಾಡಿಗೆ ಸಹಜ ರೋಗನಿರೋಧಕ ವ್ಯವಸ್ಥೆ ಎಂದು ಹೆಸರು. ಲಸಿಕೆಯಿಂದ ಅಥವಾ ಬಂದುಹೋದ ಕಾಯಿಲೆಯಿಂದ ದೊರೆಯುವ ರಕ್ಷಣೆ ಬೇರೆ. ಅದು ಆರ್ಜಿತ ರಕ್ಷಣೆ. ಒಂದೊಂದು ರೋಗಾಣುವಿಗೂ ಪ್ರತ್ಯೇಕವಾಗಿ ತಯಾರಾಗುವ ಪ್ರತಿಕಾಯಗಳೂ ಲಿಂಫೋಸೈಟ್ ಕಣಗಳೂ ಅದರ ಆಯುಧಗಳು. ಹೊಸ ರೋಗಾಣುವಿನ ಎದುರು ಅದು ಸಜ್ಜಾಗಲು ನಾಲ್ಕೈದು ದಿನದಿಂದ ಎರಡು ವಾರದವರೆಗೆ ಹಿಡಿಯುತ್ತದೆ. ಅಷ್ಟು ದಿನ ಮನುಷ್ಯನನ್ನು ಉಳಿಸಿಕೊಳ್ಳುವುದು ಸಹಜ ರಕ್ಷಣೆಯೇ. ಯಾರ ಮೇಲೆ ಏರಬೇಕು ಎಂದು ಆರ್ಜಿತ ರಕ್ಷಣೆಗೆ ತಿಳಿಸಿಕೊಡುವುದೂ ಅದೇ.

'ಸಹಜ' ಎಂಬ ಪದ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಜೊತೆಯಲ್ಲೇ ಹುಟ್ಟಿದ್ದು ಎಂಬುದೇ ಅದರ ಅರ್ಥ. ಚರಕ ಸಂಹಿತೆಯ ಸೂತ್ರಸ್ಥಾನ ದೇಹಬಲವನ್ನು ಸಹಜ, ಕಾಲಜ, ಯುಕ್ತಿಕೃತ ಎಂದು ಮೂರಾಗಿ ಹೇಳುತ್ತದೆ. ಅಲ್ಲಿಯ ಸಹಜ ಬಲವೂ ಇಂದಿನ ಜೀವವಿಜ್ಞಾನದ ಸಹಜ ರಕ್ಷಣೆಯೂ ಒಂದೇ ಎನ್ನುವಂತಿಲ್ಲ. ಒಬ್ಬನಿಗೆ ತಗಲಿದ ಕಾಯಿಲೆ ಪಕ್ಕದವನಿಗೆ ಯಾಕೆ ತಗಲಲಿಲ್ಲ ಎಂಬ ಪ್ರಶ್ನೆ ಮಾತ್ರ ಎರಡಕ್ಕೂ ಸೇರಿದ್ದು.

ಒಂದು ಮುಳ್ಳು ಚುಚ್ಚಿದಾಗ

ಮೂಡಿಗೆರೆ ತಾಲ್ಲೂಕಿನ ಬಣಕಲ್ ಸುತ್ತಿನ ಕಾಫಿ ತೋಟಗಳಲ್ಲಿ ಮಳೆ ಹಿಡಿದ ಮೇಲೆ ಕಳೆ ಹೊಡೆಯುವವರ ಕೈಕಾಲುಗಳನ್ನು ನೋಡಿದರೆ ಈ ವ್ಯವಸ್ಥೆಯ ಮೊದಲ ಪಾಠ ಅಲ್ಲೇ ಇದೆ. ಇಡೀ ದಿನ ನೆನೆದ ಬೆರಳ ಸಂದಿ ಬೆಳ್ಳಗೆ ಸುಕ್ಕಾಗಿ ಮೆತ್ತಗಾಗಿರುತ್ತದೆ. ಒಣಗಿದ ಗಟ್ಟಿ ಚರ್ಮ ರೋಗಾಣುಗಳಿಗೆ ಗೋಡೆ. ಅದರ ಹುಳಿ ಗುಣ, ಬೆವರಿನ ಉಪ್ಪು, ಅಲ್ಲಿ ನೆಲೆಸಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳು ಆ ಗೋಡೆಯ ಕಾವಲು. ನೀರು ಕುಡಿದ ಚರ್ಮದಲ್ಲಿ ಗೋಡೆ ಸಡಿಲವಾಗುತ್ತದೆ. ಕೆಸರು ತಿಂದ ಕಾಲಿಗೆ ಸಂಜೆ ಬಿಸಿನೀರು ಹಾಕಿ, ಒರೆಸಿ, ಒಲೆಯ ಮುಂದೆ ಒಣಗಿಸಿಕೊಂಡು ಎಣ್ಣೆ ಸವರುವ ಹಳೆಯ ರೂಢಿಯಲ್ಲಿ ಆ ಗೋಡೆಯ ದುರಸ್ತಿ ನಡೆಯುತ್ತದೆ.

ಬೆರಳಿಗೆ ಒಂದು ಮುಳ್ಳು ಚುಚ್ಚಿತು ಎನ್ನಿ. ಮುಳ್ಳಿನ ತುದಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಇದೆ. ಚರ್ಮದಡಿಯಲ್ಲಿ ಬೀಡುಬಿಟ್ಟಿರುವ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕ ಕಣಗಳೂ ಮಾಸ್ಟ್ ಕಣಗಳೂ ಮೊದಲು ಎಚ್ಚೆತ್ತುಕೊಳ್ಳುತ್ತವೆ. ಮಾಸ್ಟ್ ಕಣ ಹಿಸ್ಟಮಿನ್ ಸುರಿಸುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗಿ ಸೋರತೊಡಗುತ್ತವೆ. ಬೆರಳು ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಪಟ್ಟಿಮಾಡಿದ ಉರಿಯೂತದ ನಾಲ್ಕು ಲಕ್ಷಣಗಳು ಇವೇ. ಮ್ಯಾಕ್ರೊಫೇಜ್ ಹೊರಬಿಟ್ಟ ಕರೆಯ ರಾಸಾಯನಿಕಗಳನ್ನು ಹಿಡಿದು ರಕ್ತದಿಂದ ನ್ಯೂಟ್ರೊಫಿಲ್ ಕಣಗಳು ನಾಳದ ಗೋಡೆ ನುಸುಳಿ ಬರುತ್ತವೆ. ನಮ್ಮ ಬಿಳಿ ರಕ್ತಕಣಗಳಲ್ಲಿ ಅತಿ ಹೆಚ್ಚಿನವು ಇವೇ, ಸುಮಾರು ಶೇ. 40ರಿಂದ 70. ವಯಸ್ಕರ ಮೂಳೆಮಜ್ಜೆ ದಿನವೊಂದಕ್ಕೆ ಹತ್ತು ಸಾವಿರ ಕೋಟಿಯಷ್ಟು ನ್ಯೂಟ್ರೊಫಿಲ್‌ಗಳನ್ನು ಹೆರುತ್ತದೆ. ಅವುಗಳ ಆಯುಸ್ಸು ಗಂಟೆಗಳ, ಹೆಚ್ಚೆಂದರೆ ಕೆಲವು ದಿನಗಳ ಲೆಕ್ಕದ್ದು. ಬಂದವು ಬ್ಯಾಕ್ಟೀರಿಯಾವನ್ನು ನುಂಗಿ ಒಳಗೇ ಸುಡುತ್ತವೆ. ಕೆಲವು ತಮ್ಮ ಡಿಎನ್ಎಯನ್ನೇ ಬಲೆಯಂತೆ ಹೊರಚೆಲ್ಲಿ ಸಿಕ್ಕಿಸುತ್ತವೆ. ಕೊನೆಗೆ ಅಲ್ಲೇ ಸಾಯುತ್ತವೆ. ಮಾರನೆಯ ದಿನ ಉಗುರಿನ ಬುಡದಲ್ಲಿ ಕಾಣುವ ಹಳದಿ ಕೀವು ಬಹುಪಾಲು ಇವುಗಳ ಹೆಣ. ಉಗುರುಸುತ್ತಾಯಿತು, ನಂಜಾಯಿತು ಎಂದು ನಾವು ಹೇಳುವ ಹೊತ್ತಿಗೆ ಒಳಗಿನ ಕಾಳಗ ಅರ್ಧ ಮುಗಿದಿರುತ್ತದೆ.

ಕಣಗಳಲ್ಲದ ಆಯುಧಗಳೂ ಉಂಟು. ಕಣ್ಣೀರು, ಜೊಲ್ಲು, ಸಿಂಬಳದಲ್ಲಿರುವ ಲೈಸೋಜೈಮ್ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕರಗಿಸುತ್ತದೆ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್‌ಗಿಂತ ಮೊದಲು, 1922ರಲ್ಲಿ, ಪ್ರಕಟಿಸಿದ ಶೋಧ ಇದು. ಹೊಟ್ಟೆಯ ಆಮ್ಲ ನುಂಗಿದ ರೋಗಾಣುಗಳಲ್ಲಿ ಬಹುಪಾಲನ್ನು ಕೊಲ್ಲುತ್ತದೆ. ರಕ್ತದಲ್ಲಿ ತೇಲುವ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ 'ಕಾಂಪ್ಲಿಮೆಂಟ್' ಸರಣಿ ರೋಗಾಣುವಿನ ಮೈಗೆ ಅಂಟಿ ಗುರುತು ಹಾಕುತ್ತದೆ, ಕೆಲವೊಮ್ಮೆ ತೂತನ್ನೇ ಕೊರೆಯುತ್ತದೆ. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಎಚ್ಚೆತ್ತ ಕೋಶಗಳು ವೈರಸ್ ಬೆಳೆಯಲು ಬೇಕಾದ ಯಂತ್ರಗಳನ್ನೇ ನಿಲ್ಲಿಸುತ್ತವೆ. ಜ್ವರವೂ ಈ ವ್ಯವಸ್ಥೆಯದೇ ಕೆಲಸ. ಭಕ್ಷಕ ಕಣಗಳು ಬಿಟ್ಟ ಇಂಟರ್‌ಲ್ಯೂಕಿನ್‌ಗಳು ಮೆದುಳಿನ ಹೈಪೊಥಲಾಮಸ್‌ಗೆ ಸುದ್ದಿ ಮುಟ್ಟಿಸಿ ಮೈಯ ಶಾಖವನ್ನು ಮೇಲಕ್ಕೆ ಏರಿಸುತ್ತವೆ. ಯಕೃತ್ತು ಆಗ ಸಿ-ರಿಯಾಕ್ಟಿವ್ ಪ್ರೋಟೀನ್ ತಯಾರಿಸುತ್ತದೆ. ಆಸ್ಪತ್ರೆಯಲ್ಲಿ 'ಸಿಆರ್‌ಪಿ ಜಾಸ್ತಿ ಇದೆ' ಎಂದಾಗ ವೈದ್ಯರು ಓದುತ್ತಿರುವುದು ಸಹಜ ರಕ್ಷಣೆಯ ಗದ್ದಲದ ಅಳತೆಯನ್ನೇ.

ತಿಳಿವಳಿಕೆ ಬೆಳೆದ ದಾರಿ

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ಬೆಳಿಗ್ಗೆ ಅಲೆಮಾರಿ ಕಣಗಳು ಮುಳ್ಳನ್ನು ಸುತ್ತುವರಿದಿದ್ದವು. ಭಕ್ಷಕ ಕಣಗಳ ಕಲ್ಪನೆ ಹುಟ್ಟಿದ್ದು ಅಲ್ಲಿ. 1908ರ ನೊಬೆಲ್ ಬಹುಮಾನ ಅವರಿಗೂ ಪಾಲ್ ಎರ್ಲಿಕ್‌ಗೂ ಹಂಚಿಹೋಯಿತು. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇಂಟರ್‌ಫೆರಾನ್ ಕಂಡುಹಿಡಿದರು. ಅಷ್ಟಾದರೂ ಮುಖ್ಯ ಪ್ರಶ್ನೆ ಉಳಿದೇ ಇತ್ತು: ಎಂದೂ ಕಾಣದ ರೋಗಾಣುವನ್ನು ಭಕ್ಷಕ ಕಣ 'ಪರಕೀಯ' ಎಂದು ಹೇಗೆ ಅರಿಯುತ್ತದೆ? ರೋಗಾಣುಗಳ ಗುಂಪುಗುಂಪಿಗೇ ಸಾಮಾನ್ಯವಾದ ಕೆಲವು ಅಚ್ಚುಗಳಿವೆ, ಅವನ್ನು ಹಿಡಿಯುವ ಗ್ರಾಹಕಗಳು ನಮ್ಮ ಕಣಗಳ ಮೇಲೆ ಇರಲೇಬೇಕು ಎಂದು 1989ರಲ್ಲಿ ಚಾರ್ಲ್ಸ್ ಜೇನ್‌ವೇ ಊಹಿಸಿದರು. 1996ರಲ್ಲಿ ಜೂಲ್ ಹಾಫ್‌ಮನ್ ತಂಡ ಹಣ್ಣುನೊಣದಲ್ಲಿ 'ಟೋಲ್' ಎಂಬ ವಂಶವಾಹಿ ಕೆಟ್ಟರೆ ಅದು ಬೂಷ್ಟು ಹಿಡಿದು ಸಾಯುತ್ತದೆಂದು ತೋರಿಸಿತು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಇಲಿಯಲ್ಲಿ ಅದರ ದಾಯಾದಿಯನ್ನು ಪತ್ತೆಮಾಡಿದರು. ಆರ್ಜಿತ ರಕ್ಷಣೆಗೆ ಪಾಠ ಹೇಳುವ ಡೆಂಡ್ರಿಟಿಕ್ ಕಣಗಳನ್ನು ಕಂಡ ರಾಲ್ಫ್ ಸ್ಟೈನ್‌ಮನ್ ಜೊತೆ ಇವರಿಬ್ಬರಿಗೂ 2011ರ ನೊಬೆಲ್ ಬಂತು. ಮನುಷ್ಯನಲ್ಲಿ ಹತ್ತು ಬಗೆಯ ಟೋಲ್ ಸದೃಶ ಗ್ರಾಹಕಗಳಿವೆ.

ಕಾಫಿ ಎಲೆಯ ಸಾಕ್ಷ್ಯ

ಸಹಜ ರಕ್ಷಣೆ ಪ್ರಾಣಿಗಳದಷ್ಟೇ ಸ್ವತ್ತಲ್ಲ. ಗಿಡಗಳಿಗೆ ರಕ್ತವಿಲ್ಲ, ಓಡಾಡುವ ಕಣಗಳಿಲ್ಲ, ಪ್ರತಿಕಾಯಗಳಿಲ್ಲ. ಅವು ಬದುಕಿರುವುದು ಪೂರ್ತಿ ಸಹಜ ರಕ್ಷಣೆಯ ಮೇಲೆ. ಇದನ್ನು ಅರಿಯಲು ಚಿಕ್ಕಮಗಳೂರಿನ ಬೆಟ್ಟಗಳಿಗಿಂತ ಒಳ್ಳೆಯ ಜಾಗ ಕಡಿಮೆ. ಅರೇಬಿಕಾ ಎಲೆಯನ್ನು ಮಗುಚಿದರೆ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಹತ್ತುತ್ತದೆ. ಅದು ತುಕ್ಕು ರೋಗದ ಶಿಲೀಂಧ್ರ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿಯ ಕಾಫಿ ಬೆಳೆಯನ್ನು ನೆಲಕಚ್ಚಿಸಿ, ಬಹುಬೇಗ ದಕ್ಷಿಣ ಭಾರತಕ್ಕೂ ಬಂತು. ಎಲೆಯಡಿಯ ಉಸಿರುರಂಧ್ರಗಳಿಂದ ಅದು ಒಳಹೊಕ್ಕು ಜೀವಕೋಶಗಳಿಗೆ ಹೀರುನಾಳ ಚುಚ್ಚುತ್ತದೆ.

ನಿರೋಧಕ ತಳಿಯ ಎಲೆಯಲ್ಲಿ ನಡೆಯುವುದೇ ಬೇರೆ. ಶಿಲೀಂಧ್ರದ ಗುರುತು ಹಿಡಿದ ಜೀವಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಸುತ್ತಲಿನ ಒಂದೆರಡು ಕೋಶಗಳೂ ಸಾಯುತ್ತವೆ. ಜೀವಂತ ಕೋಶವನ್ನು ಮಾತ್ರ ಉಣ್ಣಬಲ್ಲ ತುಕ್ಕಿಗೆ ಅಲ್ಲಿಗೆ ಅನ್ನ ನಿಲ್ಲುತ್ತದೆ. ಹೊರಗೆ ಕಾಣುವುದು ಒಂದು ಸಣ್ಣ ಮಾಸಲು ಚುಕ್ಕೆ ಅಷ್ಟೆ. ಗಿಡದಲ್ಲಿ ಈ ಗುರುತು ಹಿಡಿಯುವ ಪ್ರೋಟೀನುಗಳಿಗೂ ನಮ್ಮ ಭಕ್ಷಕ ಕಣಗಳ ಒಳಗಿರುವ ಒಂದು ಗುಂಪಿನ ಗ್ರಾಹಕಗಳಿಗೂ ರಚನೆಯಲ್ಲಿ ಆಶ್ಚರ್ಯಕರ ಹೋಲಿಕೆಯಿದೆ.

1925ರಲ್ಲಿ ಸ್ಥಾಪನೆಯಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಕೆಲಸ ಈ ವಿಷಯದಲ್ಲಿ ಜಗತ್ತಿಗೇ ದಾರಿ ತೋರಿದ್ದು. ತುಕ್ಕು ಶಿಲೀಂಧ್ರ ಒಂದೇ ಅಲ್ಲ, ಅದರಲ್ಲಿ ಬೇರೆಬೇರೆ ಪಂಗಡಗಳಿವೆ ಎಂಬುದನ್ನು ಅಲ್ಲಿನ ವಿಜ್ಞಾನಿ ಡಬ್ಲ್ಯು. ಮೇನ್ 1930ರ ದಶಕದ ಮೊದಲಲ್ಲಿ ತೋರಿಸಿದರು. ಒಂದು ಪಂಗಡವನ್ನು ತಡೆಯುತ್ತಿದ್ದ 'ಕೆಂಟ್' ತಳಿ ಇನ್ನೊಂದಕ್ಕೆ ಏಕೆ ಸೋತಿತು ಎಂಬ ಬೆಳೆಗಾರರ ಪ್ರಶ್ನೆಗೆ ಅದು ಉತ್ತರ. 1940ರ ದಶಕದಲ್ಲಿ ಅದೇ ಕೇಂದ್ರ ಹೊರತಂದ ಎಸ್. 795 ತಳಿಯಲ್ಲಿ ಕೆಂಟ್‌ನ ರಕ್ತವೂ ಇದೆ, ಅರೇಬಿಕಾ-ಲಿಬೆರಿಕಾ ಬೆರೆತು ಹುಟ್ಟಿದ ಸಹಜ ಮಿಶ್ರತಳಿಯ ರಕ್ತವೂ ಇದೆ. ಲಿಬೆರಿಕಾದಿಂದ ಬಂದ ನಿರೋಧಕ ವಂಶವಾಹಿಯೇ ಅದರ ಬಲ. ಆ ಬಲವೂ ಕಾಲಕ್ರಮದಲ್ಲಿ ಹೊಸ ಪಂಗಡಗಳ ಎದುರು ಸವೆಯಿತು. ಬೆಳೆಗಾರರು ಇಂದಿಗೂ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಮರಗಸಿ ಮಾಡಿ ಗಾಳಿಬೆಳಕು ಬಿಡುತ್ತಾರೆ. ರೋಗಾಣು ತನ್ನ ಗುರುತು ಬದಲಿಸಿದರೆ ಎಷ್ಟು ಬಲಿಷ್ಠ ರಕ್ಷಣೆಯೂ ಕುರುಡು ಎಂಬುದಕ್ಕೆ ಇದು ಕಣ್ಣೆದುರಿನ ಉದಾಹರಣೆ.

ಗುರುತು ತಪ್ಪಿದಾಗ

ಮನುಷ್ಯರಲ್ಲೂ ಹೀಗೆಯೇ. ಮಳೆಗಾಲದಲ್ಲಿ ಗದ್ದೆ, ತೋಟ, ದನದ ಕೊಟ್ಟಿಗೆಗಳಲ್ಲಿ ಕೆಲಸ ಮಾಡುವವರನ್ನು ಕಾಡುವ ಇಲಿಜ್ವರವನ್ನೇ ನೋಡಬಹುದು. ಇಲಿಯ ಮೂತ್ರದಿಂದ ಕೆಸರುನೀರಿಗೆ ಸೇರಿದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಕಾಲಿನ ಬಿರುಕಿನಿಂದ ಒಳಬರುತ್ತದೆ. ಅದರ ಹೊರಪೊರೆಯಲ್ಲಿರುವ ಕೊಬ್ಬುಸಕ್ಕರೆಯ ಅಣುವನ್ನು ಮೂಷಕಗಳ ನಾಲ್ಕನೆಯ ಟೋಲ್ ಗ್ರಾಹಕ ಚೆನ್ನಾಗಿ ಗುರುತಿಸುತ್ತದೆ. ಮನುಷ್ಯನ ಅದೇ ಗ್ರಾಹಕ ಗುರುತಿಸುವುದಿಲ್ಲ. ಇಲಿ ಆ ರೋಗಾಣುವನ್ನು ಮೂತ್ರಪಿಂಡದಲ್ಲಿ ಹೊತ್ತೂ ಆರಾಮವಾಗಿ ಓಡಾಡುವುದಕ್ಕೆ, ಮನುಷ್ಯ ಮಾತ್ರ ಕಣ್ಣು ಹಳದಿಯಾಗಿ ಮೂತ್ರಪಿಂಡ ಸೋತು ಮಲಗುವುದಕ್ಕೆ ಇರುವ ಕಾರಣಗಳಲ್ಲಿ ಇದೊಂದು. ಜೊತೆಗೆ ಈ ರೋಗಾಣು ನಮ್ಮದೇ ರಕ್ತದ ಒಂದು ಪ್ರೋಟೀನನ್ನು ಹೊದ್ದುಕೊಂಡು ಕಾಂಪ್ಲಿಮೆಂಟ್‌ನಿಂದ ಪಾರಾಗುತ್ತದೆ. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಆ್ಯಂಟಿಬಯಾಟಿಕ್‌ಗೇ ಅದು ಬಗ್ಗುತ್ತದೆ.

ಹುಟ್ಟಿನಿಂದಲೇ ಈ ವ್ಯವಸ್ಥೆಯ ಒಂದು ಕೊಂಡಿ ಕಳಚಿರುವ ಮಕ್ಕಳೂ ಇದ್ದಾರೆ. ನುಂಗಿದ ಬ್ಯಾಕ್ಟೀರಿಯಾವನ್ನು ಸುಡುವ ಕಿಣ್ವ ಇಲ್ಲದ ಮಗುವಿಗೆ ಮತ್ತೆಮತ್ತೆ ಆಳವಾದ ಕುರು, ಶ್ವಾಸಕೋಶದ ಸೋಂಕು ಬರುತ್ತದೆ. ಪದೇಪದೇ ಕೀವುಗಟ್ಟುವ ಮಗುವನ್ನು 'ನಂಜಿನ ಮೈ' ಎಂದು ಬಿಟ್ಟುಬಿಡದೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸುವುದು ಅಗತ್ಯ. ದೊಡ್ಡವರಲ್ಲಿ ಇದೇ ಬಗೆಯ ದೌರ್ಬಲ್ಯ ತರುವುದು ಹೆಚ್ಚಾಗಿ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ನ್ಯೂಟ್ರೊಫಿಲ್‌ಗಳ ಓಟವೂ ನುಂಗುವ ಶಕ್ತಿಯೂ ಕುಗ್ಗುತ್ತವೆ. ಅತಿಯಾದ ಮದ್ಯಪಾನವೂ ಹಾಗೆಯೇ. ಒಲೆಯ ಹೊಗೆ ಮತ್ತು ಬೀಡಿ ಶ್ವಾಸನಾಳದ ಕಸ ಗುಡಿಸುವ ರೋಮಗಳನ್ನು ಕೆಡಿಸಿ ಕಫ ಅಲ್ಲೇ ನಿಲ್ಲುವಂತೆ ಮಾಡುತ್ತವೆ.

ಅಳತೆ ಮೀರಿದಾಗ

ಈ ವ್ಯವಸ್ಥೆಯಿಂದ ಆಗುವ ಹಾನಿಯಲ್ಲಿ ಬಹಳಷ್ಟು ಅದರ ಕೊರತೆಯಿಂದ ಬರುವುದಲ್ಲ, ಅದರ ಅತಿಯಿಂದ ಬರುವುದು. 'ಇಮ್ಯುನಿಟಿ ಹೆಚ್ಚಿಸುವ' ಮದ್ದುಗಳ ಜಾಹೀರಾತುಗಳು ಮರೆಮಾಡುವ ಸತ್ಯ ಇದೇ. ಬೆರಳಲ್ಲಿ ಉಪಕಾರಿಯಾದ ನಾಳಗಳ ಸೋರಿಕೆ ಇಡೀ ಮೈಯಲ್ಲಿ ಒಮ್ಮೆಲೇ ಆದರೆ ರಕ್ತದೊತ್ತಡ ಕುಸಿಯುತ್ತದೆ, ಅಂಗಾಂಗಗಳು ಸೋಲುತ್ತವೆ. ಅದು ಸೆಪ್ಸಿಸ್, ಜನ ಹೇಳುವ 'ಮೈಯೆಲ್ಲ ನಂಜೇರುವುದು'. ತೋಟದ ಮರದ ಹೆಜ್ಜೇನು ಎದ್ದು ಹತ್ತಾರು ಕಡೆ ಕಡಿದಾಗ ವಿಷದ ಜೊತೆಗೆ ಮಾಸ್ಟ್ ಕಣಗಳು ಸುರಿಸುವ ಹಿಸ್ಟಮಿನ್ ಸಹ ಉಸಿರು ಕಟ್ಟಿಸಬಲ್ಲದು. ಕೀಲಿನಲ್ಲಿ ಯೂರಿಕ್ ಆಮ್ಲದ ಹರಳು ಕೂತರೆ, ರೋಗಾಣುವೇ ಇಲ್ಲದಿದ್ದರೂ, ಭಕ್ಷಕ ಕಣಗಳು ಅದನ್ನು ಅಪಾಯವೆಂದು ಬಗೆದು ಕೂಗೆಬ್ಬಿಸುತ್ತವೆ. ನಡುರಾತ್ರಿ ಕಾಲಿನ ಹೆಬ್ಬೆರಳು ಉರಿದೇಳುವ ಗೌಟ್ ಅದು. ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟರಾಲ್ ನುಂಗಿದ ಮ್ಯಾಕ್ರೊಫೇಜ್‌ಗಳು ಉಬ್ಬಿ ಗುಡ್ಡೆ ಕಟ್ಟುವುದರಿಂದ ಹೃದಯಾಘಾತದ ದಾರಿ ಶುರುವಾಗುತ್ತದೆ.

ಆ ಉರಿಯನ್ನು ಆರಿಸಿಬಿಟ್ಟರೆ? 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗದಲ್ಲಿ ಹೃದಯಾಘಾತ ಆಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದು ಇಂಟರ್‌ಲ್ಯೂಕಿನ್‌ ತಡೆಯುವ ಮದ್ದನ್ನು ಪರೀಕ್ಷಿಸಲಾಯಿತು. ಮತ್ತೆ ಹೃದಯದ ತೊಂದರೆ ಬರುವುದು ಸುಮಾರು ಶೇ. 15ರಷ್ಟು ಇಳಿಯಿತು, ಆದರೆ ಸೋಂಕಿನಿಂದ ಸಾಯುವವರು ಹೆಚ್ಚಿದರು. ಕೋವಿಡ್ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿತು. 2020ರ ಒಂದು ಅಧ್ಯಯನದಂತೆ, ಪ್ರಾಣಾಪಾಯಕ್ಕೆ ಮುಟ್ಟಿದ ರೋಗಿಗಳಲ್ಲಿ ಶೇ. 10ರಷ್ಟು ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನ್ ಕೆಡಿಸುವ ಪ್ರತಿಕಾಯಗಳಿದ್ದವು. ಅವರ ಮೊದಲ ಎಚ್ಚರಿಕೆಯೇ ಮೂಕವಾಗಿತ್ತು. ಅದೇ ವರ್ಷ ಬ್ರಿಟನ್ನಿನ ಪ್ರಯೋಗವೊಂದು ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್, ಆಮ್ಲಜನಕ ಬೇಕಾದ ರೋಗಿಗಳ ಸಾವನ್ನು ತಗ್ಗಿಸುತ್ತದೆಂದೂ ಆಮ್ಲಜನಕ ಬೇಡದವರಿಗೆ ಪ್ರಯೋಜನವಿಲ್ಲವೆಂದೂ ತೋರಿಸಿತು. ಮೊದಲ ದಿನಗಳಲ್ಲಿ ಬೇಕಾದ ಉರಿ ಎರಡನೆಯ ವಾರ ಮನೆಯನ್ನೇ ಸುಡುತ್ತದೆ.

ಆದ್ದರಿಂದ 'ಇಮ್ಯುನಿಟಿ ಹೆಚ್ಚಿಸುವ' ಪುಡಿ, ಕಷಾಯ, ಮಾತ್ರೆಗಳ ಮಾತು ಅಷ್ಟು ಸರಳವಲ್ಲ. ಹೆಚ್ಚಿಸಬೇಕಾದ್ದು ಯಾವುದನ್ನು, ಎಷ್ಟು, ಯಾವಾಗ ಎಂಬುದಕ್ಕೆ ಆ ಡಬ್ಬಿಗಳಲ್ಲಿ ಉತ್ತರವಿಲ್ಲ. ಹೊಟ್ಟೆತುಂಬ ಊಟ, ನಿದ್ರೆ, ಸಕ್ಕರೆಯ ಹತೋಟಿ, ಹೊಗೆಯಿಲ್ಲದ ಅಡುಗೆಮನೆ, ಒಣಗಿದ ಕಾಲು ಇವು ವ್ಯವಸ್ಥೆಯನ್ನು ಅದರ ಅಳತೆಯಲ್ಲಿ ಇಡುತ್ತವೆ. ನಿಜವಾಗಿ ಸಹಜ ರಕ್ಷಣೆಯನ್ನು ಪಳಗಿಸುವುದಕ್ಕೆ ಪುರಾವೆ ಸಿಕ್ಕಿರುವುದು ಕೆಲವು ಲಸಿಕೆಗಳಿಂದ. ಹುಟ್ಟಿದ ಮಗುವಿಗೆ ಹಾಕಿಸುವ ಬಿಸಿಜಿ ಕ್ಷಯಕ್ಕಷ್ಟೇ ಅಲ್ಲದೆ ಭಕ್ಷಕ ಕಣಗಳ ಸ್ವಭಾವವನ್ನೇ ತಿಂಗಳುಗಟ್ಟಲೆ ಬದಲಿಸಬಲ್ಲದು ಎಂದು ನೆದರ್ಲೆಂಡ್ಸಿನ ಮಿಹಾಯ್ ನೆಟಿಯಾ ಮತ್ತು ಸಂಗಡಿಗರು ತೋರಿಸಿದ್ದಾರೆ.

ಇಂಬಳ, ಉಣುಗು ಮತ್ತು ಮಂಗನ ಕಾಯಿಲೆ

ಸಹಜ ರಕ್ಷಣೆಯನ್ನು ಮಲಗಿಸುವ ಕಲೆಯಲ್ಲಿ ರಕ್ತ ಹೀರುವ ಜೀವಿಗಳನ್ನು ಮೀರಿಸಿದವರಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಇಳಿದವರ ಕಾಲಿಗೆ ಇಂಬಳ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಕಾಲ್ಚೀಲ ತೆಗೆದಾಗ ರಕ್ತ ಕಾಣುತ್ತದೆ. ಸುಣ್ಣವೋ ಹೊಗೆಸೊಪ್ಪೋ ತಾಗಿಸಿ ಉದುರಿಸಿದ ಮೇಲೂ ರಕ್ತ ನಿಲ್ಲುವುದಿಲ್ಲ, ಏಕೆಂದರೆ ಅದರ ಜೊಲ್ಲು ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಆ ಗಾಯ ಮುಂದೆ ಎಷ್ಟೋ ದಿನ ತುರಿಸುವುದು, ತಡವಾಗಿ ಎದ್ದ ನಮ್ಮ ಉರಿಯೂತದಿಂದ.

ಉಣುಗು ಇನ್ನೂ ನಾಜೂಕು. ಇಂಬಳ ಗಂಟೆಯೊಳಗೆ ಹೊಟ್ಟೆ ತುಂಬಿಸಿಕೊಂಡು ಬೀಳುತ್ತದೆ. ಉಣುಗು ದಿನಗಟ್ಟಲೆ ಕಚ್ಚಿಕೊಂಡಿರಬೇಕು. ಅಷ್ಟು ದಿನ ನಮ್ಮ ಕಣಗಳು ಅದನ್ನು ಸಹಿಸಿಕೊಳ್ಳುವಂತೆ ಮಾಡಲು ಉಣುಗುಗಳ ಜೊಲ್ಲಿನಲ್ಲಿ ಹಿಸ್ಟಮಿನ್ ಹೀರುವ, ನ್ಯೂಟ್ರೊಫಿಲ್ ಕರೆಯುವ ಸಂಕೇತಗಳನ್ನು ನುಂಗುವ, ಕಾಂಪ್ಲಿಮೆಂಟ್ ನಿಲ್ಲಿಸುವ ಪ್ರೋಟೀನುಗಳಿವೆ. ಹೀಗೆ ಕಾವಲು ಮಲಗಿಸಿದ ಬಾಗಿಲಿನಿಂದಲೇ ವೈರಸ್ ಒಳಗೆ ಬರುತ್ತದೆ.

1957ರಲ್ಲಿ, ಲಂಡನ್ನಿನಲ್ಲಿ ಇಂಟರ್‌ಫೆರಾನ್ ಪತ್ತೆಯಾದ ಅದೇ ವರ್ಷ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಹೊಸ ವೈರಸ್ಸನ್ನು ಬೇರ್ಪಡಿಸಿತು. ಕ್ಯಾಸನೂರು ಕಾಡಿನ ಕಾಯಿಲೆ, ಜನರ ಬಾಯಲ್ಲಿ ಮಂಗನ ಕಾಯಿಲೆ, ಅಂದಿನಿಂದ ಮಲೆನಾಡಿನ ಬೇಸಗೆಯ ಭಯ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಅದು ಕಾಣಿಸಿಕೊಂಡಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರು ಸತ್ತರು.

ಈ ವೈರಸ್ಸಿನ ಎನ್‌ಎಸ್5 ಎಂಬ ಪ್ರೋಟೀನ್, ಇಂಟರ್‌ಫೆರಾನಿನ ಸಂದೇಶ ನೆರೆಯ ಕೋಶದೊಳಗೆ ಕೆಲಸ ಮಾಡದಂತೆ ತಡೆಯುತ್ತದೆ. ಕೂಗು ಹೊರಟರೂ ಕೇಳುವವರಿಲ್ಲ. ವೈರಸ್ ಹೊತ್ತ ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಜ್ವರ, ವಿಪರೀತ ತಲೆನೋವು, ಸೊಂಟ-ಮೀನಖಂಡದ ನೋವು ಬರುತ್ತದೆ. ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಕುಸಿದಿರುತ್ತವೆ. ಕೆಲವರಿಗೆ ಒಸಡು, ಮೂಗಿನಿಂದ ರಕ್ತ. ಇನ್ನು ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರಳಿ, ಮೆದುಳಿಗೂ ತೊಂದರೆ. ಕಾಯಿಲೆ ಬಿದ್ದ ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ನೀರಿನಂಶ, ರಕ್ತದೊತ್ತಡ, ರಕ್ತಸ್ರಾವ ನೋಡಿಕೊಂಡು ದೇಹಕ್ಕೆ ತನ್ನ ಆರ್ಜಿತ ರಕ್ಷಣೆ ಕಟ್ಟಿಕೊಳ್ಳಲು ಸಮಯ ಕೊಡಿಸುವುದೇ ಚಿಕಿತ್ಸೆ.

ದಶಕಗಳ ಕಾಲ ಹಾಕುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದರ ತಯಾರಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅದು ಕೈಗೆ ಬರುವವರೆಗೆ ಕಾವಲು ಚರ್ಮದ್ದೇ, ಮತ್ತು ಚರ್ಮಕ್ಕೆ ನಮ್ಮ ನೆರವು ಬೇಕು. ಡಿಸೆಂಬರಿನಿಂದ ಮೇವರೆಗೆ ಸೌದೆಗೋ ತರಗೆಲೆಗೋ ಕಾಡಿಗೆ ಹೋಗುವವರು ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಸವರಿಕೊಳ್ಳಿ, ಮೈಮುಚ್ಚುವ ಬಟ್ಟೆ ತೊಡಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೊಣಕಾಲ ಹಿಂದೆ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಎಳ್ಳಿನಷ್ಟು ಸಣ್ಣ ಮರಿ ಉಣುಗು ಇದೆಯೇ ಎಂದು ನೋಡಿಕೊಳ್ಳಿ. ಮಂಗ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಅದೇ ದಿನ ಹೋಗಿ, ಕಾಡಿಗೆ ಹೋಗಿದ್ದೆ ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಿ.